ಫ್ಯಾನ್ ಕೆಳಗಿನ ಹುಲ್ಲು

ಆ ಶಿಶುವಿಹಾರದ ದೊಡ್ಡ ಮಿಸ್‌ಗೆ ಒಂದು ಚಾಳಿ. ಮಕ್ಕಳಿಗೆಂದು ತಂದ ಯಾವುದನ್ನೂ ಮೊದಲು ತಮ್ಮ ಮೇಲೆ ಪ್ರಯೋಗಿಸದೆ ಬಿಡುವವರಲ್ಲ. ಬಣ್ಣದ ಕಡ್ಡಿಯಾದರೆ ನೆಕ್ಕಿ ನೋಡುತ್ತಾರೆ. ಹೊಸ ಜಾರುಬಂಡಿ ಬಂದಾಗ ಐವತ್ತಮೂರರ ಪ್ರಾಯದಲ್ಲಿ ತಾವೇ ಹತ್ತಿ ನಡುವೆ ಸಿಕ್ಕಿಕೊಂಡಿದ್ದರು. ಆಯಾ ಮೇಲಿನಿಂದ ನೂಕಿ, ಅಡುಗೆಯವಳು ಕೆಳಗಿನಿಂದ ಎಳೆದು ಬಿಡಿಸಿದ ಮೇಲೆ "ಮಕ್ಕಳಿಗೇನೂ ತೊಂದರೆ ಇಲ್ಲ" ಎಂದು ಸೀರೆ ಕೊಡವಿಕೊಂಡಿದ್ದರು.

ಈ ಸಲದ್ದು ಹುಲ್ಲು. ಪ್ಲಾಸ್ಟಿಕ್ ಹುಲ್ಲು. ಹೋದ ವರ್ಷ ಜಾರುಬಂಡಿಯ ಬುಡದ ಗಟ್ಟಿ ನೆಲಕ್ಕೆ ಬಿದ್ದು ಒಂದು ಮಗುವಿನ ಹುಬ್ಬು ಸೀಳಿತ್ತು. ಡಾಕ್ಟರು ಮೂರು ಹೊಲಿಗೆ ಹಾಕುವಾಗ ತಲೆ ಹಿಡಿದುಕೊಂಡಿದ್ದವರು ಮಿಸ್. ಅಂದಿನಿಂದ ಯಾವ ಮಗು ಏಣಿ ಹತ್ತಿದರೂ ಅವರ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಇನ್ನು ಹತ್ತೇ ದಿನಕ್ಕೆ ರಜೆ ಮುಗಿಯುತ್ತದೆ. ಈವತ್ತು ಹುಲ್ಲು ಮಾರುವವನು ಬಂದಾಗ "ಇದು" ಎಂದು ಬೆರಳು ತೋರಿಸದಿದ್ದರೆ ಶಾಲೆ ತೆರೆಯುವುದರೊಳಗೆ ಹಾಸಿ ಮುಗಿಯದು.

ಮೇಜಿನ ಮೇಲೆ ಅವನು ಕೊಟ್ಟುಹೋದ ಎರಡು ತುಂಡು. ಒಂದು ಕಡುಹಸಿರು, ಉದ್ದ ಎಸಳು, ನಡುವೆ ಕಪ್ಪು ರಬ್ಬರ್ ಕಾಳು, ಒತ್ತಿದರೆ ಹಾಸಿಗೆ. ಇನ್ನೊಂದು ಗಿಡ್ಡ, ಮಾಸಲು, ಮರಳು ತುಂಬಿದ್ದು. ಅದರ ಕೆಳಗೆ ಬೇರೆ ಮೆತ್ತೆ ಬೇಕು. ಎರಡರಲ್ಲೂ ಸೀಸವಿಲ್ಲವೆಂದು ಪ್ರಯೋಗಾಲಯದ ಕಾಗದವಿತ್ತು. ನಾಲ್ಕು ದಿನದಿಂದ ಮಿಸ್‌ಗೆ ಅವುಗಳ ಜೊತೆಯೇ ಸಂಸಾರ. ಕೆನ್ನೆ ಉಜ್ಜಿದರು, ನೀರು ಸುರಿದರು, ಮನೆಗೊಯ್ದು ಅಟ್ಟದ ಏಣಿಯ ಮೇಲಿನಿಂದ ಮೊಟ್ಟೆ ಬೀಳಿಸಿದರು. ಹಸಿರಿನ ಮೇಲೆ ಒಡೆಯಲಿಲ್ಲ. ಮಾಸಲಿನ ಮೇಲೆ ಎರಡು ಒಡೆದವು. ಕೆಳಗೆ ಮೆತ್ತೆ ಕೊಟ್ಟ ಮೇಲೆ ಮೂರನೆಯದು ಉಳಿಯಿತು.

"ಮೊಟ್ಟೆ ಯಾಕೆ ದಂಡ ಮಾಡ್ತೀಯ, ನನ್ನೇ ತಳ್ಳಿ ನೋಡು" ಎಂದಿದ್ದರು ಗಂಡ, ಬರಿಯ ತಟ್ಟೆಯ ಮುಂದೆ ಕುಳಿತು.

ಈವತ್ತು ಹನ್ನೊಂದಕ್ಕೆ ಹಸಿರೇ ಎಂದು ತೀರ್ಮಾನವಾಯಿತು. ಹನ್ನೊಂದೂಕಾಲಿಗೆ ಮಾಸಲು. ಹನ್ನೊಂದೂವರೆಗೆ ಮತ್ತೆ ಹಸಿರು. ಕಾಲು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದವರನ್ನು ಕಂಡು ಆಯಾ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಅಕ್ಕಾ, ಒಂದ್ ನಿಮಿಷ ಕೂತ್ಕೊಳ್ಳಿ. ನೆಲ ಸವೆದು ಹೋಗತ್ತೆ."

"ಹಾಗಾದ್ರೆ ನೀನೇ ಹೇಳು, ಯಾವುದು?"

"ನೋಡೋಕೆ ಹಸಿರೇ ಚೆಂದ. ಆದ್ರೆ ನಾಲ್ಕ್ ದಿನದಿಂದ ಫ್ಯಾನ್ ಕೆಳಗೇ ಇಟ್ಕೊಂಡು ಪೂಜೆ ಮಾಡ್ತಿದೀರಲ್ಲ, ಮಕ್ಕಳು ಆಡೋದು ಫ್ಯಾನ್ ಕೆಳಗಾ?"

ಮಿಸ್ ಗೋಡೆಯ ಗಡಿಯಾರ ನೋಡಿದರು. ಮಕ್ಕಳ ಆಟದ ಹೊತ್ತು ಹನ್ನೆರಡು ಗಂಟೆ. ಅದೂ ಬರಿಗಾಲಲ್ಲಿ. ಪಾದಕ್ಕೆ ನೆಲ ತಾಕಬೇಕು, ಗೇಟಿನ ಹತ್ತಿರವೇ ಶೂ ಬಿಚ್ಚಬೇಕು ಎಂಬುದು ಶಾಲೆಯ ನಿಯಮ. ಹದಿನೆಂಟು ವರ್ಷದ ಹಿಂದೆ ಅದನ್ನು ಬರೆದವರು, ದಿನವಿಡೀ ಚಪ್ಪಲಿ ಟಪಟಪ ಬಡಿಯುತ್ತ ಓಡಾಡುವ ಈ ಮಿಸ್ಸೇ.

ಎರಡು ತುಂಡೂ ಅಂಗಳದ ಬಿಸಿಲಿಗೆ ಬಿದ್ದವು. ಹನ್ನೆರಡೂವರೆಗೆ ಹುಲ್ಲಿನವನು ಮಿರಿಮಿರಿ ಶೂ ತೊಟ್ಟು ಬಂದ.

"ಮೇಡಂ, ಕಣ್ಮುಚ್ಕೊಂಡು ಹಸಿರು ತಗೊಳ್ಳಿ."

"ಕಣ್ಣು ಇರ್ಲಪ್ಪ. ಶೂ ಬಿಚ್ಚಿ ಅದರ ಮೇಲೆ ನಿಂತ್ಕೊ."

ಅವನು ನಗುತ್ತಲೇ ಬಿಚ್ಚಿದ.

"ಸಾಕ್ಸೂ."

ಆಯಾ ಒಂದು, ಎರಡು ಎಣಿಸತೊಡಗಿದಳು. ಮೂರಕ್ಕೆ ನಗು ಹೋಯಿತು. ಐದಕ್ಕೆ ಒಂದು ಕಾಲು ಮೇಲೆದ್ದಿತು. ಏಳಕ್ಕೆ "ಅಯ್ಯಯ್ಯೋ" ಎಂದು ಹಾರಿ ನೆರಳಿಗೆ ಬಿದ್ದ. ಮಿಸ್ ಚಪ್ಪಲಿ ಕಳಚಿ ಮಾಸಲಿನ ಮೇಲೆ ಹತ್ತಿದರು. ಆಯಾ ಹನ್ನೆರಡು ಎಣಿಸುವವರೆಗೆ ಹಲ್ಲು ಕಚ್ಚಿ ನಿಂತು, ಅವರೂ ಇಳಿದರು.

"ಇದೂ ಸುಡತ್ತೆ. ಆದ್ರೆ ಇದು ಸಾಕು. ಜಾರುಬಂಡಿ ಸುತ್ತ ಮಾತ್ರ ಹಾಸು, ಕೆಳಗೆ ದಪ್ಪ ಮೆತ್ತೆ, ಮೇಲೆ ನೆರಳಿನ ಬಲೆ. ಆಟದ ಹೊತ್ತು ಬೆಳಗ್ಗೆ ಒಂಬತ್ತಕ್ಕೆ ಮಾಡ್ತೀನಿ. ಮಿಕ್ಕಿದ್ದು ಮಣ್ಣೇ ಇರ್ಲಿ."

"ಇಷ್ಟೇನಾ ಮೇಡಂ?" ಎಂದ ಅವನು, ಪಾದ ಉಜ್ಜಿಕೊಳ್ಳುತ್ತ.

"ಇಷ್ಟೇ. ಹಾಸಿದ ಮೇಲೆ ನೀನೂ ಬಾ, ಮೊದಲು ನಾವಿಬ್ಬರೇ ಜಾರೋಣ."

ಅವನು ಹೋದ ಮೇಲೆ ಆಯಾ ಚಪ್ಪಲಿ ತಂದು ಮುಂದಿಟ್ಟಳು. ಮಿಸ್ ಅದನ್ನೂ ಜಾರುಬಂಡಿಯನ್ನೂ ಒಮ್ಮೆ ನೋಡಿದರು.

"ಗೇಟಿನ ಹತ್ರ ಇಡು" ಎಂದರು.