ಮಂಜಿಗೆ ಬೆಂಕಿ ಹಚ್ಚಿದ ಅಜ್ಜ

ಕಳೆದ ಶನಿವಾರ ಬೆಳಿಗ್ಗೆ ಹಿತ್ತಿಲ ಟ್ಯಾಂಕಿಗೆ ಸೀಮೆಎಣ್ಣೆ ತುಂಬಿಸಿಕೊಂಡೆ. ಚಳಿಗಾಲದಲ್ಲಿ ಮನೆ ಬೆಚ್ಚಗಿರುವುದು ಅದರಿಂದಲೇ. ಎಣ್ಣೆ ತಂದ ಲಾರಿ ಹೋದ ಮೇಲೂ ವಾಸನೆ ಹೋಗಲಿಲ್ಲ. ಹೊರಗೆ ದಟ್ಟ ಮಂಜು ಬೇರೆ. ಎಣ್ಣೆ, ಮಂಜು ಎರಡೂ ಸೇರಿದರೆ ನನಗೆ ಪಕ್ಕದ ಮನೆಯ ಅಜ್ಜ ನೆನಪಾಗುತ್ತಾರೆ…

ನಾವು ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ಗೆ ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಇಲ್ಲಿಯವರೇ, ಒಂಟಿ ಜೀವ. ನಮ್ಮ ಹಿತ್ತಿಲುಗಳ ನಡುವೆ ಸೊಂಟದೆತ್ತರದ ಬೇಲಿ. ಕಾರ್ಕ್ ವಿಮಾನ ನಿಲ್ದಾಣ ಇರುವುದು ಗುಡ್ಡದ ಮೇಲೆ. ಮಂಜು ಅಲ್ಲಿಗೆ ಮಾವನ ಮನೆಗೆ ಬಂದ ಅಳಿಯನ ಹಾಗೆ, ಬಂದರೆ ಬೇಗ ಹೊರಡುವುದಿಲ್ಲ. ಅಂಥ ದಿನ ಅಜ್ಜ ಕೋಟು ಹಾಕಿಕೊಂಡು ಬೇಲಿಯ ಹತ್ತಿರ ನಿಂತು ಆಕಾಶಕ್ಕೆ ಕಿವಿಗೊಡುತ್ತಿದ್ದರು. ಅರಳುಮರಳು ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಒಮ್ಮೆ ಅವರೇ ಹೇಳಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಕೂಲಿಗೆ ಹೋಗಿದ್ದರಂತೆ. ಅಲ್ಲಿ ರನ್‌ವೇಯ ಎರಡೂ ಬದಿಗೆ ತೂತು ಕೊರೆದ ಪೈಪು ಹಾಸಿ, ಪೆಟ್ರೋಲ್ ಹರಿಸಿ ಬೆಂಕಿ ಹಚ್ಚುತ್ತಿದ್ದರು. ಆ ಕಾವಿಗೆ ಮಂಜು ಕರಗಿ, ವಿಮಾನ ಇಳಿಯುವಷ್ಟು ಜಾಗ ತೆರವಾಗುತ್ತಿತ್ತು. ಒಂದು ಬೆಳಿಗ್ಗೆ ಒಂದು ಬದಿಯ ಪೈಪಿಗೆ ಪೆಟ್ರೋಲ್ ಬರಲೇ ಇಲ್ಲ. ಇವರು ಸರಿಮಾಡುತ್ತಿದ್ದಷ್ಟು ಹೊತ್ತೂ ತಲೆಯ ಮೇಲೆ ಒಂದು ವಿಮಾನ ಸುತ್ತುತ್ತಿತ್ತು. ಆಮೇಲೆ ಸದ್ದು ದೂರವಾಯಿತು…

“ಬೇರೆ ಕಡೆ ಇಳೀತೋ, ಬಿತ್ತೋ, ಇವತ್ತಿಗೂ ಗೊತ್ತಿಲ್ಲ. ಕೂಲಿಯವನಿಗೆ ಯಾರು ಬಂದು ಹೇಳ್ತಾರೆ?” ಎಂದರು.

ಅಂದಿನಿಂದ ನಮ್ಮವರು ಯಾರು ವಿಮಾನದಲ್ಲಿ ಬಂದರೂ, ಇಳಿಯಿತು ಎಂದು ಅಜ್ಜನಿಗೆ ಹೇಳುವುದು ನನ್ನ ಕೆಲಸವಾಯಿತು. ಊರು ಮುಟ್ಟಿದ ಕೂಡಲೇ ಫೋನ್ ಮಾಡು ಎನ್ನುವ ಜನ ನಾವು, ನಮಗದು ಹೊಸದಲ್ಲ.

ಆ ಡಿಸೆಂಬರಿನಲ್ಲಿ ಹೆಂಡತಿ, ಐದು ವರ್ಷದ ಮಗಳು ಮೈಸೂರಿನಿಂದ ಮರಳುವ ದಿನ ಮಂಜು ಕವಿದಿತ್ತು. ಅಜ್ಜ ಆಗಲೇ ಬೇಲಿಯ ಹತ್ತಿರ ನಿಂತಿದ್ದರು. “ಇಳಿದ ತಕ್ಷಣ ಹೇಳ್ತೀನಿ, ನೀವು ಒಳಗೆ ಹೋಗಿ” ಎಂದು ಹೇಳಿ ನಿಲ್ದಾಣಕ್ಕೆ ಹೋದೆ. ವಿಮಾನ ಎರಡು ಸುತ್ತು ಹಾಕಿ, ಇಳಿಯಲಾಗದೆ ಶಾನನ್ ಎಂಬ ಇನ್ನೊಂದು ವಿಮಾನ ನಿಲ್ದಾಣಕ್ಕೆ ಹೋಯಿತು. ನಾನೂ ಅಲ್ಲಿಂದಲೇ ಎರಡು ಗಂಟೆ ಕಾರು ಓಡಿಸಿಕೊಂಡು ಶಾನನ್‌ಗೆ ಹೋದೆ. ಅಜ್ಜನ ನಂಬರ್ ನನ್ನ ಫೋನಿನಲ್ಲೇ ಇತ್ತು… ಮರೆತೇಬಿಟ್ಟೆ.

ಸಂಜೆ ಮನೆ ಮುಟ್ಟಿದಾಗ ಅಜ್ಜ ಇನ್ನೂ ಬೇಲಿಯ ಹತ್ತಿರವೇ ನಿಂತಿದ್ದರು. ಕೋಟು ತೊಯ್ದು ತೊಪ್ಪೆಯಾಗಿತ್ತು.

“ಅವರಿಗೆ ಹೇಳಿಲ್ವಾ ನೀವು? ಸೂಟ್‌ಕೇಸ್ ಹಾಳಾಗ್ಲಿ, ಮೊದ್ಲು ಹೋಗ್ರೀ” ಎಂದಳು ಹೆಂಡತಿ.

ಮಗಳನ್ನು ಎತ್ತಿಕೊಂಡು ಹೋದೆ. ಅಜ್ಜ ಸೆಟೆದ ಬೆರಳಿನಿಂದ ಅವಳ ಕೆನ್ನೆ ಮುಟ್ಟಿದರು. “ಸುತ್ತೋದು ಕೇಳಿಸ್ತು. ಆಮೇಲೆ ಕೇಳಿಸ್ಲಿಲ್ಲ” ಎಂದರು. ಆಮೇಲೆ “ಗ್ರ್ಯಾಂಡ್” ಎಂದು, ಅಂದರೆ ಇಲ್ಲಿಯವರ ಮಾತಿನಲ್ಲಿ ಎಲ್ಲ ಸರಿಯಾಯಿತು ಎಂದು, ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚಿನಲ್ಲಿ ಅಜ್ಜ ತೀರಿಕೊಂಡರು. ವಯಸ್ಸಾಗಿತ್ತು ಬಿಡು ಎಂದು ಎಲ್ಲರೂ ಅಂದರು. ನನಗೆ ಮಾತ್ರ ಇವತ್ತಿಗೂ ಆ ತೊಯ್ದ ಕೋಟು ಕಣ್ಣಿಗೆ ಕಟ್ಟಿದೆ.

ಕಳೆದ ಶನಿವಾರ ಅದೇ ಮಗಳು, ಈಗ ಕಾಲೇಜು ಹುಡುಗಿ, ಲಂಡನ್ನಿನಿಂದ ಬರುವುದಿತ್ತು. ಈಗಿನ ವಿಮಾನಗಳಿಗೆ ಬೆಂಕಿ ಬೇಕಿಲ್ಲ, ಎಷ್ಟೋ ಸಲ ಮಂಜಿನಲ್ಲೇ ಇಳಿಯುತ್ತವೆ. ಮಧ್ಯಾಹ್ನ ಮೆಸೇಜ್ ಬಂತು: “ಲ್ಯಾಂಡೆಡ್, ಅಪ್ಪ.” ನನ್ನ ಕಾಲು ತಾನಾಗಿ ಬೇಲಿಯ ಕಡೆ ನಡೆಯಿತು. ಆಚೆ ಹೊಸಬರ ಮಕ್ಕಳ ಸೈಕಲ್ಲು ಬಿದ್ದಿತ್ತು, ಕಾಯುವವರು ಯಾರೂ ಇರಲಿಲ್ಲ. ಆದರೂ ಹೇಳಿದೆ.

“ಇಳೀತು ಅಜ್ಜ. ಒಳಗೆ ಹೋಗಿ.”