ತುಂಡು ಗೆರೆಗಳು

ಎಂ.ಎ. ಕೊನೆಯ ವರ್ಷದ ನನ್ನ ಪ್ರಬಂಧ ಕಲ್ಯಾಣದುರ್ಗದ ಕಡೆಯ ಕಾಡುಗುಡ್ಡಗಳನ್ನು ಕುರಿತದ್ದು. ಬ್ರಿಟಿಷರ ಕಾಲದ ನಕ್ಷೆಯೊಂದನ್ನು ಭೂಗೋಳ ವಿಭಾಗದಿಂದ ಎರವಲು ತಂದಿದ್ದೆ. ಅದನ್ನು ಟ್ರೇಸಿಂಗ್ ಕಾಗದದ ಮೇಲೆ ಶಾಯಿಯಲ್ಲಿ ನಕಲು ಮಾಡಿ, ಪ್ರಬಂಧಕ್ಕೆ ಸೇರಿಸಿ, ಮೂಲವನ್ನು ಹಿಂದಿರುಗಿಸಬೇಕಿತ್ತು. ಪ್ರಬಂಧ ಒಪ್ಪಿಸುವ ಹಿಂದಿನ ದಿನ ಹಿಂದೂಪುರದ ಮನೆಯಲ್ಲಿ ಆ ಕೆಲಸಕ್ಕೆ ಕುಳಿತೆ. ಟ್ರೇಸಿಂಗ್ ಹಾಳೆ ಒಂದೇ ಉಳಿದಿತ್ತು.

ಗುಡ್ಡದ ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿದ್ದವು. ನಾನು ಪೆನ್ನು ಊರಲು ಹಿಂಜರಿಯುವುದನ್ನು ಕಂಡು ಅಪ್ಪ ಪೆನ್ನು ಇಸಿದುಕೊಂಡರು. ಅವರು ರೇಷ್ಮೆ ಸೀರೆ ನೇಯುತ್ತಿದ್ದವರು; ಅಂಚಿನ ಚಿತ್ತಾರಗಳನ್ನು ಗ್ರಾಫ್ ಕಾಗದದ ಮೇಲೆ ತಾವೇ ಬರೆದುಕೊಳ್ಳುತ್ತಿದ್ದರು.

"ಓದಿದ್ದು ಮಗಳು, ಬರೆಯಾದು ಅಪ್ಪ. ಪಾಸಾಗಾದು ಯಾರಂತೆ?" ಎಂದಳು ಅಮ್ಮ.

"ಏಂ ಕಾದು, ಏನೂ ಆಗಲ್ಲ. ನೀನು ಟೈಪಿಂಗ್ ಕೆಲಸ ನೋಡ್ಕೊಂಡ್ ಬಾ ಕಣಮ್ಮ," ಎಂದರು ಅಪ್ಪ ನನಗೆ.

ಟೈಪಾದ ಹಾಳೆಗಳನ್ನು ತರುವಷ್ಟರಲ್ಲಿ ನಕ್ಷೆ ಮುಗಿದಿತ್ತು. ಗೆರೆಗಳು ಅಚ್ಚುಕಟ್ಟಾಗಿದ್ದವು. ಆದರೆ ಮೂಲದಲ್ಲಿ ತುಂಡು ತುಂಡಾಗಿದ್ದವೆಲ್ಲ ಇಲ್ಲಿ ಒಂದೇ ಎಳೆಯಾಗಿದ್ದವು.

"ಹಳೇ ಕಾಗ್ದ ನೋಡು, ಅಲ್ಲಲ್ಲಿ ಕಡ್ದೋಗಿತ್ತು. ಎಲ್ಲಾ ಸೇರಿಸ್ಬುಟ್ಟೆ," ಎಂದರು.

ತುಂಡು ಗೆರೆ ಎಂದರೆ ಕಾಲುದಾರಿ, ಕೂಡಿದ ಗೆರೆ ಎಂದರೆ ರಸ್ತೆ ಎಂದು ಹೇಳಿದೆ. ಅವರ ನಕಲಿನಲ್ಲಿ ಕಾಡಿನ ತುಂಬ ರಸ್ತೆಗಳು.

"ಗೌರ್ಮೆಂಟ್ ಕೈಲಿ ಆಗ್ದಿದ್ದು ನಿಮ್ಮಪ್ಪ ಒಂದ್ ಮಧ್ಯಾಹ್ನದಾಗೆ ಮಾಡ್ಬುಟ್ರು," ಅಮ್ಮ ಒಳಗಿನಿಂದ ನಕ್ಕಳು.

ಅಪ್ಪ ನಗಲಿಲ್ಲ. ಟ್ರೇಸಿಂಗ್ ಕಾಗದದ ಶಾಯಿಯನ್ನು ಬ್ಲೇಡಿನಿಂದ ಹೆರೆದು ತೆಗೆಯಬಹುದು. ಸ್ವಲ್ಪ ಒತ್ತಿದರೂ ಕಾಗದ ಹರಿಯುತ್ತದೆ. ಹರಿದರೆ ಪ್ರಬಂಧ ಆ ವರ್ಷ ಹೋಗುವಂತಿರಲಿಲ್ಲ.

"ಎಲ್ಲೆಲ್ಲಿ ಕಡೀಬೇಕು, ತೋರ್ಸು," ಎಂದು ಅವರೇ ಬ್ಲೇಡು ಹಿಡಿದರು. ಮೊದಲ ಗೆರೆ ಕಡಿಯುವಾಗ ಬಾಯಲ್ಲಿ ಲೊಚಗುಟ್ಟಿದರು. ನಾನು ಮೂಲ ನೋಡಿ ಜಾಗ ತೋರಿಸುತ್ತಿದ್ದೆ, ಅವರು ಹೆರೆಯುತ್ತಿದ್ದರು.

ಕಣಿವೆಯೊಳಗಿನ ದಾರಿಯೊಂದು ಉಳಿಯಿತು. ಆ ಗುಡ್ಡ ನೋಡಲು ಹೋದಾಗ ಕಲ್ಯಾಣದುರ್ಗದಿಂದ ಜೀಪಿನಲ್ಲಿ ನಾನು ಅದರ ಮೇಲೆಯೇ ಹೋಗಿದ್ದೆ. ಅದು ಈಗ ರಸ್ತೆಯೇ ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

ಅಪ್ಪ ಬ್ಲೇಡು ಎತ್ತಿದರು. "ಅಂಗಾದ್ರೆ ಇದೊಂದು ಸರಿಯಾಗೈತೆ. ಬಿಡಾನಾ?"

"ಬೇಡಪ್ಪ. ಈ ನಕ್ಷೆ ಮಾಡಿದಾಗ ಅದು ಕಾಲುದಾರೀನೇ."

"ಇರೋ ದಾರೀನ ಕಡೀ ಅಂತೀಯಲ್ಲ ತಾಯಿ," ಎಂದು ಅದನ್ನೂ ಕಡಿದರು. ಅಲ್ಲಿ ಕಾಗದ ತೆಳುವಾಯಿತು; ಹರಿಯಲಿಲ್ಲ.