ಕರಿಬಂಡೆಗಳ ಪುನರ್ಮಿಲನ

ಉಡುಪಿಯಲ್ಲಿ ನನ್ನನ್ನು ಬಲ್ಲವರು ನಿವೃತ್ತ ಸಂಸ್ಕೃತ ಮೇಷ್ಟ್ರು ಎಂದಷ್ಟೇ ಬಲ್ಲರು. ಹೆಗಲಿಗೊಂದು ಶಾಲು, ಕೈಯಲ್ಲೊಂದು ಕೊಡೆ, ಯಾರಾದರೂ ತಪ್ಪು ಸಮಾಸ ಮಾಡಿದರೆ ಮುಖದಲ್ಲೊಂದು ನೋವು. ಇಂಥ ನಾನು ಒಂದು ಕಾಲದಲ್ಲಿ ಕೂದಲನ್ನು ಭುಜದವರೆಗೆ ಇಳಿಬಿಟ್ಟು, ಬೆಲ್‌ಬಾಟಮ್ ತೊಟ್ಟು, ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದೆ ಎಂದರೆ ಮೊಮ್ಮಕ್ಕಳು ನಗುತ್ತಾರೆ. ಹೆಂಡತಿ ಮಾತ್ರ ನಂಬುತ್ತಾಳೆ. ನಂಬಿ, "ಹೊರಗೆ ಹೇಳಿಕೊಂಡು ತಿರುಗಬೇಡಿ" ಎನ್ನುತ್ತಾಳೆ.

ಅರುವತ್ತರ ದಶಕದ ಕೊನೆಯಲ್ಲಿ ಕಾರ್ಕಳದಲ್ಲಿ ನಾವು ಮೂವರು ಕಟ್ಟಿದ ಬ್ಯಾಂಡ್ ಅದು. ಹೆಸರು 'ದಿ ಬ್ಲ್ಯಾಕ್ ಬೋಲ್ಡರ್ಸ್'. ಕಾರ್ಕಳ ಎಂದರೇ ಕರಿಕಲ್ಲು, ರಾಕ್ ಎಂದರೂ ಕಲ್ಲು. ಇಷ್ಟು ಅರ್ಥಪೂರ್ಣವಾದ ಹೆಸರು ಜಗತ್ತಿನ ಬೇರೆ ಯಾವ ಬ್ಯಾಂಡಿಗೂ ಇರಲಿಲ್ಲವೆಂದು ನನ್ನ ನಂಬಿಕೆ. ಊರಿನವರು ನಮ್ಮನ್ನು ಕರಿಬಂಡೆಗಳು ಎಂದೇ ಕರೆಯುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಬಯ್ಗುಳ ಎಷ್ಟು ಎಂದು ನಾವು ವಿಚಾರಿಸಲು ಹೋಗಲಿಲ್ಲ.

ಹಾಡುತ್ತಿದ್ದವನು, ಗಿಟಾರ್ ನುಡಿಸುತ್ತಿದ್ದವನು ಫೆಲಿಕ್ಸ್. ಇಗರ್ಜಿಯ ಗಾಯನಮಂಡಳಿಯಲ್ಲಿ ಪಳಗಿದ ಕಂಠ. ಡ್ರಮ್ಸಿಗೆ ಕುಕ್ಕುಂದೂರಿನ ಸದಾಶಿವ. ಅವನಿಗೆ ಯಾವ ಗುರುವೂ ಇರಲಿಲ್ಲ. ಯಕ್ಷಗಾನದ ಆಟದಲ್ಲಿ ರಂಗಸ್ಥಳದ ಬದಿಗೆ ಕುಳಿತು ಚೆಂಡೆಯವರ ಕೈ ನೋಡಿದ್ದೇ ವಿದ್ಯಾಭ್ಯಾಸ. ಹಾಗಾಗಿ ನಮ್ಮ ರಾಕ್ ಸಂಗೀತದ ನಡುವೆ ಆಗಾಗ ರಕ್ಕಸನ ಪ್ರವೇಶವಾದಂತೆ ಕೇಳುತ್ತಿತ್ತು. ಇನ್ನು ನಾನು. ನಮ್ಮ ಪೂರ್ವಿಕರು ವಾದ್ಯಗಳನ್ನು ತತ, ಅವನದ್ಧ, ಸುಷಿರ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೇಸ್ ಗಿಟಾರಿಗೆ ಐದನೆಯ ವರ್ಗವೇ ಬೇಕು: ಇದ್ದರೆ ಯಾರಿಗೂ ತಿಳಿಯದ, ಇಲ್ಲದಿದ್ದರೆ ಏನೋ ಕಡಿಮೆಯಾಗಿದೆ ಎಂದು ಎಲ್ಲರೂ ಹುಡುಕಾಡುವ ವಾದ್ಯ.

ಮದುವೆಗಳಲ್ಲಿ, ಕಾಲೇಜು ವಾರ್ಷಿಕೋತ್ಸವಗಳಲ್ಲಿ ನಮಗೆ ಬೇಡಿಕೆಯಿತ್ತು. ಫೆಲಿಕ್ಸ್ ಮತ್ತು ಸದಾಶಿವ ಒಂದೇ ಸೈಕಲ್ಲಿನಲ್ಲಿ ಬರುತ್ತಿದ್ದರು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಪಡುಬಿದ್ರಿಯ ಮದುವೆಯೊಂದಕ್ಕೆ ನಾವು ಒಪ್ಪಿಕೊಂಡಿದ್ದಾಗ ಫೆಲಿಕ್ಸನಿಗೆ ಗಲ್ಫಿನ ವೀಸಾ ಬಂತು. ಅವನು ನಮಗಿಬ್ಬರಿಗೂ ಹೇಳದೆ ಬೊಂಬಾಯಿಯ ಬಸ್ಸು ಹತ್ತಿಬಿಟ್ಟ. ವಿಷಯ ನಮಗೆ ಗೊತ್ತಾದದ್ದು ಮದುವೆಯ ಚಪ್ಪರದಲ್ಲಿ. ಅಂದು ನಾನೇ ಹಾಡಲು ನಿಂತೆ. ಎರಡನೆಯ ಹಾಡಿಗೆ ಮದುಮಗಳ ಮಾವ ಹತ್ತಿರ ಬಂದು, "ಬರೇ ಡ್ರಮ್ ಸಾಕು ಮಾಸ್ಟ್ರೇ" ಎಂದು ಬಹಳ ವಿನಯದಿಂದ ಹೇಳಿದರು. ಸದಾಶಿವ ಆ ಸಂಜೆಯಿಡೀ ಒಬ್ಬನೇ ಬಾರಿಸಿದ. ಮರುದಿನ ಡ್ರಮ್ಮುಗಳನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ. ಅಲ್ಲಿಗೆ ಕರಿಬಂಡೆಗಳು ಚೂರಾದವು.

ಫೆಲಿಕ್ಸ್ ರಜೆಯಲ್ಲಿ ಊರಿಗೆ ಬಂದರೂ ನಾಚಿಕೆಯಿಂದ ಕುಕ್ಕುಂದೂರಿನ ಕಡೆ ಹೋಗಲಿಲ್ಲ. ಸದಾಶಿವ ತಾನಾಗಿ ಬರುವವನಲ್ಲ. ಇಬ್ಬರೂ ನನ್ನ ಹತ್ತಿರ "ಅವನು ಹೇಗಿದ್ದಾನಂತೆ?" ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ಹೀಗೆ ಅರ್ಧ ಶತಮಾನ ಕಳೆಯಿತು. ಫೆಲಿಕ್ಸ್ ಗಲ್ಫ್ ಮುಗಿಸಿ ಕಾಪುವಿನಲ್ಲಿ ಮನೆ ಕಟ್ಟಿಸಿದ. ಅವನ ನೆರೆಮನೆಯ ಪ್ರಜ್ಞಾ ಗೆಳೆಯರೊಂದಿಗೆ ಮಣಿಪಾಲದಲ್ಲಿ ಒಂದು ಸ್ಟುಡಿಯೋ ನಡೆಸುತ್ತಾಳೆ. ಊರಿನ ಹಳೆಯ ಬ್ಯಾಂಡುಗಳನ್ನು ಹುಡುಕಿ ತಂದು, ಲೈವ್ ಆಗಿ ಹಾಡಿಸಿ, ಇಂಟರ್ನೆಟ್ಟಿಗೆ ಹಾಕುವುದು ಅವಳ ಹುಚ್ಚು. ಲೈವ್ ಎಂದರೆ ಜೀವಂತ. ಎಪ್ಪತ್ತು ದಾಟಿದ ಮೂವರೂ ಜೀವಂತ ಇದ್ದೇವೆ ಎಂಬ ಒಂದೇ ಅರ್ಹತೆಯ ಮೇಲೆ ನಾವು ಆಯ್ಕೆಯಾದೆವು.

ಸದಾಶಿವನನ್ನು ಒಪ್ಪಿಸಲು ನಾನು ಕುಕ್ಕುಂದೂರಿಗೆ ಹೋದೆ. ಒಂದು ತಾಸು ವಾದಿಸಬೇಕಾದೀತೆಂದು ಸಿದ್ಧನಾಗಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತ ಎಲ್ಲ ಕೇಳಿಸಿಕೊಂಡ. ಅಟ್ಟಕ್ಕೆ ಏಣಿ ಹಾಕಿದ.

ಅಭ್ಯಾಸ ಕಾಪುವಿನಲ್ಲಿ, ಫೆಲಿಕ್ಸನ ಮನೆಯಲ್ಲಿ. ಸದಾಶಿವನ ತಾಳ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ; ಆದರೆ ಕಣ್ಣು ನನ್ನ ಬೆರಳುಗಳ ಮೇಲೆಯೇ ನೆಟ್ಟಿತ್ತು. ಬೇಸ್ ಗಿಟಾರಿಗೆ ಕೊನೆಗೂ ಒಬ್ಬ ರಸಿಕ ಸಿಕ್ಕಿದನೆಂದು ನಾನು ಹಿಗ್ಗಿದೆ. ಅಭ್ಯಾಸ ಮುಗಿದ ಮೇಲೆ ಜಗಲಿಯಲ್ಲಿ ಗೋಳಿಬಜೆ ಬಂತು. ಫೆಲಿಕ್ಸ್ ಕಂಬಕ್ಕೆ ಒರಗಿ, ನಮಗೆ ಬೆನ್ನು ಹಾಕಿ, ಸಮುದ್ರ ನೋಡುತ್ತ ಹೇಳಿದ: "ಸದಾಶಿವ, ಅವತ್ತು ಹೇಳದೆ ಹೋದದ್ದು ತಪ್ಪಾಯಿತು ಮಾರಾಯ." ಸದಾಶಿವ ಇನ್ನೊಂದು ಗೋಳಿಬಜೆ ತೆಗೆದುಕೊಂಡು ಚಟ್ನಿಯಲ್ಲಿ ಅದ್ದಿದ.

ರೆಕಾರ್ಡಿಂಗಿನ ದಿನ ಮಣಿಪಾಲಕ್ಕೆ ಹೋಗುವಾಗ ಕಾರಿನ ಮುಂದಿನ ಸೀಟಿನಿಂದ ಫೆಲಿಕ್ಸ್ ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಹಿಂದೆ ಕುಳಿತ ಸದಾಶಿವ ಕಿಟಕಿಯ ಹೊರಗೆ ನೋಡುತ್ತಿದ್ದ. ಸ್ಟುಡಿಯೋದ ಮೆಟ್ಟಿಲಲ್ಲಿ ಫೆಲಿಕ್ಸ್ ನನ್ನ ತೋಳು ಹಿಡಿದು ನಿಲ್ಲಿಸಿದ.

"ಅವನು ಸಿಟ್ಟು ಬಿಡುವುದಿಲ್ಲ. ಇವತ್ತು ಇದೊಂದು ಹಾಡು ಹಾಡಿ ಮುಗಿಸುತ್ತೇನೆ. ಮತ್ತೆ ಅವನ ಎದುರು ಬರುವುದಿಲ್ಲ ನಾನು."

ನನಗೆ ಸದಾಶಿವನ ಮೇಲೆ ನಿಜವಾಗಿ ಸಿಟ್ಟು ಬಂತು. ಈ ವಯಸ್ಸಿನಲ್ಲಿ ಎಂಥ ಹಟ!

ಸ್ಟುಡಿಯೋ ಎಂದರೆ ಹಾಸಿಗೆಗಳನ್ನು ಗೋಡೆಗೆ ಹೊಡೆದಂಥ ಒಂದು ಕೋಣೆ. ಅಲ್ಲಿಯ ಮೌನದಲ್ಲಿ ನಮ್ಮ ಮೊಣಕಾಲಿನ ಕಟಕಟ ಕೂಡ ಕೇಳುತ್ತಿತ್ತು. ಗಾಜಿನ ಆಚೆ ಪ್ರಜ್ಞಾ. ನಮ್ಮ ಮೂವರ ತಲೆಗೂ ದೊಡ್ಡ ಹೆಡ್‌ಫೋನ್ ಹಾಕಿಸಿ, ತನ್ನ ಮೈಕಿನಲ್ಲಿ ಕೇಳಿದಳು: "ಸದಾಶಿವ ಅಂಕಲ್, ಕೇಳ್ತದಾ?"

ಸದಾಶಿವ ಕುಳಿತಲ್ಲೇ ಹಾರಿಬಿದ್ದ.

"ಇನ್ನೂ ಸ್ವಲ್ಪ ಜಾಸ್ತಿ ಮಾಡು ಮಗಾ. ಇನ್ನೂ ಸ್ವಲ್ಪ." ಆಮೇಲೆ ಮುಖ ಅರಳಿಸಿ ನಮ್ಮತ್ತ ತಿರುಗಿದ. "ಹೋ! ಎಷ್ಟು ಸ್ಪಷ್ಟ ಕೇಳ್ತದೆ ಮಾರಾಯ್ರೆ! ನನಗೆ ಕಿವಿ ಹೋಗಿ ಎಷ್ಟೋ ಕಾಲ ಆಯಿತು. ಮೆಷಿನ್ ಉಂಟು, ಹಾಕಿದರೆ ಕೀಂಯ್ ಅಂತದೆ, ಅದಕ್ಕೆ ಕಿಸೆಯಲ್ಲಿಯೇ ಇಟ್ಟಿದ್ದೇನೆ. ಎದುರು ನಿಂತವರ ತುಟಿ ನೋಡಿ ಅಂದಾಜು ಮಾಡುವುದು. ತಾಳಕ್ಕೆ ಇವನ ಬೆರಳು ನೋಡುವುದು."

ನನ್ನ ಏಕೈಕ ರಸಿಕ ಹೀಗೆ ಕೈ ತಪ್ಪಿದ. ಆದರೆ ನಾನು ನೋಡುತ್ತಿದ್ದದ್ದು ಫೆಲಿಕ್ಸನನ್ನು. ಅವನು ಮೈಕಿನ ಹತ್ತಿರ ಸರಿದ.

"ಹಾಗಾದರೆ ಕಾಪುವಿನಲ್ಲಿ ನಾನು ಹೇಳಿದ್ದು?"

"ನೀನು ಎಂತ ಹೇಳಿದ್ದಿ? ಸಮುದ್ರ ನೋಡ್ತಾ ಇದ್ದಿ."

"ಇವತ್ತು ಕಾರಿನಲ್ಲಿ?"

"ಕಾರಿನಲ್ಲಿಯೂ ಎಂತದೋ ಹೇಳಿದ್ದಿಯಾ?"

ಫೆಲಿಕ್ಸ್ ಗಿಟಾರನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಮೈಕಿನಲ್ಲಿ ಅವನ ಉಸಿರು ಮೊದಲು ಕೇಳಿತು, ಮಾತು ಆಮೇಲೆ ಬಂತು.

"ಅವತ್ತು ನಿನಗೆ ಹೇಳಿ ಹೋಗಬೇಕಿತ್ತು ಸದಾಶಿವ. ಹೇಳಿದರೆ ನೀನು ಹೋಗಬೇಡ ಅಂತಿದ್ದಿ. ನೀನು ಬೇಡ ಅಂದರೆ ನನಗೆ ಹೋಗಲಿಕ್ಕೆ ಆಗ್ತಿರಲಿಲ್ಲ. ಅದಕ್ಕೆ ಹೇಳಲಿಲ್ಲ. ತಪ್ಪಾಯಿತು."

ಸದಾಶಿವ ಡ್ರಮ್ ಕಡ್ಡಿಗಳನ್ನು ಮಡಿಲಲ್ಲಿ ಇಟ್ಟುಕೊಂಡ. ಗಾಜಿನ ಆಚೆ ಪ್ರಜ್ಞಾ ತಲೆ ತಗ್ಗಿಸಿದಳು. ನಾನು ನನ್ನ ಗಿಟಾರಿನ ತಂತಿಗಳನ್ನು, ಅವು ಇರುವುದೇ ನಾಲ್ಕು, ಮತ್ತೆ ಮತ್ತೆ ನೋಡಿದೆ.

"ನಾನು ಬೇಡ ಅಂತಿರಲಿಲ್ಲ" ಎಂದ ಸದಾಶಿವ ಕೊನೆಗೆ. "ಬಸ್ ಸ್ಟ್ಯಾಂಡಿನವರೆಗೆ ನಿನ್ನ ಪೆಟ್ಟಿಗೆ ಹೊತ್ತುಕೊಂಡು ಬರ್ತಿದ್ದೆ."

ಫೆಲಿಕ್ಸನ ಕನ್ನಡಕ ಮಸುಕಾಯಿತು. ಅವನು ಅದನ್ನು ಒರೆಸುವಷ್ಟು ಸಮಯವನ್ನೂ ಸದಾಶಿವ ಕೊಡಲಿಲ್ಲ. ಕಡ್ಡಿಗಳನ್ನೆತ್ತಿ ತಟ್ಟಿ ಹಾಡಿನ ಆರಂಭಕ್ಕೆ ಲೆಕ್ಕ ಹಾಕಿಯೇಬಿಟ್ಟ.

ಹಾಡು ನಮ್ಮದೇ. ತುಳು, ಕೊಂಕಣಿ, ಇಂಗ್ಲಿಷು ಬೆರೆಸಿ ಆ ಕಾಲದಲ್ಲಿ ಕಟ್ಟಿದ್ದು. ವ್ಯಾಕರಣದ ದೃಷ್ಟಿಯಿಂದ ಮೂರು ಭಾಷೆಗಳಿಗೂ ಸಮಾನ ಅಪಮಾನ. ನಾವು ಚೆನ್ನಾಗಿ ನುಡಿಸಿದೆವು ಎಂದರೆ ಸುಳ್ಳಾದೀತು. ಆದರೆ ಸದಾಶಿವ ನನ್ನ ಬೆರಳು ನೋಡುವುದನ್ನು ಬಿಟ್ಟಿದ್ದ. ಕಣ್ಣು ಮುಚ್ಚಿ ಫೆಲಿಕ್ಸನ ಕಂಠವನ್ನು ಕೇಳುತ್ತ ಬಾರಿಸುತ್ತಿದ್ದ. ಕೊನೆಯಲ್ಲಿ ಒಂದು ಎತ್ತರದ ಸ್ವರ ಉಂಟು. ಫೆಲಿಕ್ಸ್ ಅರ್ಧ ದಾರಿ ಹತ್ತಿದ, ಕಂಠ ಸೀಳಿತು. ಅದು ಬೀಳುವ ಮೊದಲೇ ಸದಾಶಿವನ ಕೈಯಿಂದ ಚೆಂಡೆಯ ಉರುಳಿಕೆಯೊಂದು ಎದ್ದು ಬಂದು ಅದನ್ನು ಎತ್ತಿಕೊಂಡು ದಡಕ್ಕೆ ಹಾಕಿತು.

"ಇನ್ನೊಂದು ಟೇಕ್ ತಕೊಳ್ಳುವನಾ ಅಂಕಲ್? ಆ ಸ್ವರ ಸರಿ ಮಾಡಬಹುದು" ಎಂದಳು ಪ್ರಜ್ಞಾ.

"ಬೇಡ, ಹಾಗೆಯೇ ಇರಲಿ" ಎಂದ ಫೆಲಿಕ್ಸ್.

ನಾನು ಹೆಡ್‌ಫೋನ್ ಕಳಚಿದೆ. ಸದಾಶಿವ ಕಳಚಲಿಲ್ಲ. ಎರಡು ಕೈಯಿಂದಲೂ ಅದನ್ನು ಕಿವಿಗೆ ಒತ್ತಿ ಹಿಡಿದು, "ಈಗ ಹೇಳು. ಬೊಂಬಾಯಿಗೆ ಹೋಗಿ ಇಳಿದಿ. ಆಮೇಲೆ ಎಂತ ಆಯಿತು?" ಎಂದ. ಫೆಲಿಕ್ಸ್ ಕುರ್ಚಿಯನ್ನು ಮೈಕಿನ ಹತ್ತಿರ ಎಳೆದುಕೊಂಡ.

ನಾನು ಹೊರಗೆ ಬಂದೆ. ಪ್ರಜ್ಞಾ ಫ್ಲಾಸ್ಕಿನಿಂದ ನನಗೊಂದು ಲೋಟ ಚಹಾ ಬಗ್ಗಿಸಿ ಕೊಟ್ಟಳು. ಗಾಜಿನ ಆಚೆ ಒಬ್ಬನ ತುಟಿ ಒಂದೇ ಸಮನೆ ಆಡುತ್ತಿತ್ತು, ಇನ್ನೊಬ್ಬ ತೊಡೆ ತಟ್ಟಿಕೊಂಡು ನಗುತ್ತಿದ್ದ. ನಮಗೆ ಏನೂ ಕೇಳುತ್ತಿರಲಿಲ್ಲ.

"ಸೌಂಡ್ ಹಾಕ್ಲಾ ಅಂಕಲ್?"

"ಬೇಡ ಮಗಾ" ಎಂದೆ. ಇಬ್ಬರು ಗೆಳೆಯರು ಇಷ್ಟು ಕಾಲದ ಮೇಲೆ ಮಾತಿಗೆ ಕುಳಿತಾಗ ಮೂರನೆಯವನು ಮಾಡಬಹುದಾದ ಉಪಕಾರ ಒಂದೇ, ಚಹಾ ಕುಡಿಯುವುದು. ಸಕ್ಕರೆ ಇನ್ನೊಂದು ಚಮಚ ಹಾಕಿಸಿಕೊಂಡೆ.